ಆಧಾರ್ ಜೆರಾಕ್ಸಿನಲ್ಲಿ ಸಿಕ್ಕ ಗಡ್ಡೆ

ಎರಡು ವರ್ಷದಿಂದ ನನ್ನ ಒಬ್ಬ ರೋಗಿಗೆ ಬಿಪಿ ಮಾತ್ರೆ ಬರೆದುಕೊಡುತ್ತಿದ್ದವನು ನಾನೇ. ರಾತ್ರಿ ಕೈ ಜೋಮು ಹಿಡಿಯುತ್ತೆ ಅಂದಾಗ ಬಿ12 ಕೊಟ್ಟು ಕಳಿಸಿದ್ದೆ. ಒಂದು ದಿನ ಯಾವುದೋ ಸರ್ಟಿಫಿಕೇಟಿಗೆ ಆಧಾರ್ ಜೆರಾಕ್ಸ್ ತಂದರು. ಫೋಟೋ ನೋಡಿ, "ಇದು ನಿಮ್ಮ ತಮ್ಮನದ್ದಾ?" ಅಂದುಬಿಟ್ಟೆ. ಅವರದ್ದೇ, ಹತ್ತು ವರ್ಷ ಹಳೆಯದು. ಈಗ ಹುಬ್ಬಿನ ಮೂಳೆ ಮುಂದೆ ಬಂದಿದೆ, ಮೂಗು ದಪ್ಪ, ಕೆಳದವಡೆ ಉದ್ದ. ಚಪ್ಪಲಿ ಎಂಟರಿಂದ ಹತ್ತಕ್ಕೆ ಹೋಗಿತ್ತಂತೆ. ಮದುವೆ ಉಂಗುರವನ್ನು ಅಕ್ಕಸಾಲಿಗರ ಹತ್ತಿರ ಕತ್ತರಿಸಿ ತೆಗೆಸಿದ್ದರು. ತಿಂಗಳು ತಿಂಗಳು ನೋಡುವ ಮುಖ, ನನಗೆ ಕಂಡೇ ಇರಲಿಲ್ಲ.

ಅಕ್ರೊಮೆಗಲಿ ಇರಬೇಕು ಅನ್ನಿಸಿತು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಇರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಎದ್ದು, ಬೆಳವಣಿಗೆಯ ಹಾರ್ಮೋನ್ ಜಾಸ್ತಿಯಾಗುವ ಕಾಯಿಲೆ. ಕ್ಯಾನ್ಸರ್ ಅಲ್ಲ, ಆದರೆ ಸುಮ್ನೆ ಬಿಡುವಂಥದ್ದೂ ಅಲ್ಲ.

ಅಲ್ಲೇ ಕೂರಿಸಿ ಒಂದು ಕಣ್ಣು ಮುಚ್ಚಿಸಿದೆ. "ನನ್ನ ಮೂಗನ್ನೇ ನೋಡ್ತಿರಿ" ಅಂತ ಹೇಳಿ ಪಕ್ಕದಿಂದ ಬೆರಳು ಆಡಿಸುತ್ತಾ ತಂದೆ. ಎರಡೂ ಕಣ್ಣಿಗೆ ಹೊರಬದಿಯ ಬೆರಳು ತೀರಾ ಒಳಗೆ ಬರುವವರೆಗೆ ಕಾಣಲಿಲ್ಲ. "ಬೈಕಲ್ಲಿ ಹೋಗುವಾಗ ಪಕ್ಕದ ಬಸ್ಸು ಎಲ್ಲಿಂದಲೋ ಬಂದಂಗಾಗುತ್ತೆ ಸಾರ್" ಅಂದರು. ಗ್ರಂಥಿಯ ಮೇಲೆಯೇ ಕಣ್ಣಿನ ನರಗಳು ಅಡ್ಡ ಹಾಯುತ್ತವೆ. ಗಡ್ಡೆ ಅಲ್ಲಿ ಒತ್ತುತ್ತಿತ್ತು.

ಬೆಳವಣಿಗೆಯ ಹಾರ್ಮೋನ್ ಹೆಚ್ಚಾದರೆ ತಾನೂ ಏರುವ ಐಜಿಎಫ್-1 ಅನ್ನೋದು ರಕ್ತದಲ್ಲಿ ಜಾಸ್ತಿ ಬಂತು. 75 ಗ್ರಾಂ ಗ್ಲೂಕೋಸ್ ಕುಡಿಸಿದರೆ ಬೆಳವಣಿಗೆಯ ಹಾರ್ಮೋನ್ ಇಳಿಯಬೇಕು, ಇಳಿಯಲಿಲ್ಲ. ಎಂಆರ್‌ಐನಲ್ಲಿ 18 ಮಿಲಿಮೀಟರ್ ಗಡ್ಡೆ. ಇದೇ ಗ್ರಂಥಿಯ ಇನ್ನೊಂದು ಹಾರ್ಮೋನ್, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಕೂಡ ನೋಡಿಸಿದ್ದೆ. ಅದೇ ಹಾರ್ಮೋನಿನ ಗಡ್ಡೆಯಾಗಿದ್ದರೆ ಹೆಚ್ಚಿನವರಿಗೆ ಕ್ಯಾಬರ್ಗೋಲಿನ್ ಮಾತ್ರೆಯೇ ಸಾಕು, ಆಪರೇಷನ್ ಬೇಡ. ಥೈರಾಯ್ಡನ್ನೂ, ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲನ್ನೂ ನಡೆಸುವುದು ಇದೇ ಗ್ರಂಥಿ, ಹಾಗಾಗಿ ಥೈರಾಯ್ಡ್ ಜೊತೆ ಕಾರ್ಟಿಸಾಲ್ ನೋಡುವುದನ್ನು ಮಾತ್ರ ಯಾರೂ ಮರೆಯಬಾರದು. ಎರಡೂ ಕಡಿಮೆ ಇದ್ದರೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಯ್ಡ್ ಮಾತ್ರೆ. ಉಲ್ಟಾ ಮಾಡಿದರೆ ಜೀವಕ್ಕೇ ಕುತ್ತು.

"ಬುರುಡೆ ಕೊರೀತಾರಾ ಸಾರ್?" ಅನ್ನೋದೇ ಅವರ ಚಿಂತೆ. ಇಲ್ಲ, ಮೂಗಿನೊಳಗಿಂದ ಎಂಡೋಸ್ಕೋಪ್ ಹಾಕಿ ತೆಗೆಯುತ್ತಾರೆ ಅಂದೆ. ಬೆಂಗಳೂರಿಗೆ ಕಳಿಸಿದೆ.

ವಾಪಸ್ ಬಂದವರಿಗೆ ನಾನು ಹೇಳಿದ್ದು: ಮೂಗು ಸೀಟಬೇಡಿ. ಮೂಗಿನಿಂದ ನೀರಿನಂಥದ್ದು ತೊಟ್ಟಿಕ್ಕಿದರೆ, ವಿಪರೀತ ಮೂತ್ರ ಹೋದರೆ ತಕ್ಷಣ ಫೋನ್ ಮಾಡಿ. ವಾರದ ಹೊತ್ತಿಗೆ ಸೋಡಿಯಂ ನೋಡಿಸಿದೆ. ಕೈ ಊತ ಬೇಗ ಇಳಿಯಿತು. ಬೆಳೆದ ಮೂಳೆ ಹಿಂದಕ್ಕೆ ಹೋಗಲ್ಲ ಅನ್ನೋದನ್ನು ಹೇಳೋದು ಕಷ್ಟವಾಯಿತು. ಮೂರು ತಿಂಗಳಿಗೆ ಐಜಿಎಫ್-1 ಇನ್ನೂ ಸ್ವಲ್ಪ ಮೇಲಿತ್ತು. ಬೆಳವಣಿಗೆಯ ಹಾರ್ಮೋನ್ ತಗ್ಗಿಸುವ ಆಕ್ಟ್ರಿಯೋಟೈಡ್ ಇಂಜೆಕ್ಷನ್, ತಿಂಗಳಿಗೊಂದು, ಶುರುವಾಯಿತು.

ಈಗ ಬಿಪಿಗೆ ಬರುವವರ ಆಧಾರ್ ಕೇಳುತ್ತೇನೆ. ಸರ್ಕಾರದ ಯಾವುದೋ ಸ್ಕೀಮ್ ಇರಬೇಕು ಅಂತ ಎರಡೆರಡು ಕಾಪಿ ತರುತ್ತಾರೆ.