ಇವತ್ತು ಯಾವ ವ್ಯಾಕ್ಸ್?

ಆಸ್ಲೋದಲ್ಲಿ ಒಳ್ಳೆ ಹಿಮ ಬಿತ್ತು ಅಂದರೆ ಆಫೀಸಿನಲ್ಲಿ ಶುಕ್ರವಾರ ಇದೇ ಮಾತು: ಹಿಮದಲ್ಲಿ ಕಾಲು ಹಿಂದಕ್ಕೆ ಜಾರದ ಹಾಗೆ ಸ್ಕೀಯ ಅಡಿಗೆ ಯಾವ ವ್ಯಾಕ್ಸ್, ಅಂದರೆ ಮೇಣ, ಹಚ್ಚೋದು? ಒಬ್ಬೊಬ್ಬರದು ಒಂದೊಂದು ಉತ್ತರ. ನಾನಂತೂ ಮೂರೇ ಡಬ್ಬಿ ಇಟ್ಟುಕೊಂಡಿದ್ದೇನೆ: ಸ್ವಿಕ್ಸ್ ಕಂಪನಿಯ ಹಸಿರು, ನೀಲಿ, ನೇರಳೆ. ಇವುಗಳಲ್ಲಿ ಹಸಿರು ಎಲ್ಲಕ್ಕಿಂತ ಗಟ್ಟಿ, ನೇರಳೆ ಎಲ್ಲಕ್ಕಿಂತ ಮೆತ್ತಗೆ. ಚಳಿಗಾಲದ ಮುಕ್ಕಾಲು ಪಾಲು ಇಷ್ಟರಲ್ಲೇ ಕಳೆಯುತ್ತದೆ.

ಬಯಲು, ಕಾಡಿನ ದಾರಿಯಲ್ಲಿ ಓಡಾಡುವ ಕ್ರಾಸ್ ಕಂಟ್ರಿ ಸ್ಕೀಯ ನಡುಭಾಗ ಮೇಲಕ್ಕೆ ಬಾಗಿರುತ್ತದೆ. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಒದ್ದಾಗ ಆ ಭಾಗ ಹಿಮಕ್ಕೆ ತಾಗುತ್ತದೆ. ಹಿಮದ ಹರಳುಗಳು ವ್ಯಾಕ್ಸಿಗೆ ಚುಚ್ಚಿಕೊಂಡು ಹಿಡಿತ ಸಿಗುತ್ತದೆ. ಭಾರ ಇಳಿದರೆ ನಡು ಮೇಲೇಳುತ್ತದೆ, ಸ್ಕೀ ಜಾರುತ್ತದೆ. ಹಾಗಾಗಿ ಹಿಡಿತದ ವ್ಯಾಕ್ಸ್ ನಡುಭಾಗಕ್ಕೆ ಮಾತ್ರ. ನನ್ನ ಸ್ಕೀಯಲ್ಲಿ ಅದು ಹಿಮ್ಮಡಿಯಿಂದ ಮುಂದಕ್ಕೆ ಸುಮಾರು ಅರ್ಧ ಮೀಟರ್. ಸಮತಟ್ಟಾದ ನೆಲದ ಮೇಲೆ ಎರಡೂ ಸ್ಕೀ ಇಟ್ಟು ನಿಂತೆ, ಹೆಂಡತಿ ಅಡಿಯಲ್ಲಿ ಕಾಗದ ಸರಿಸಿ ನೋಡಿದಳು. ಕಾಗದ ಸಿಕ್ಕಿಕೊಂಡ ಕಡೆ ಅಂಚಿನಲ್ಲಿ ಮಾರ್ಕರ್ ಗೆರೆ ಎಳೆದೆವು. ಉಳಿದ ಎರಡು ತುದಿಗೆ ಇಸ್ತ್ರಿಪೆಟ್ಟಿಗೆಯಲ್ಲಿ ಕರಗಿಸಿ ಹಾಕುವ ಜಾರುವ ವ್ಯಾಕ್ಸ್. ಅದರಲ್ಲಿ ಸಾದಾದ್ದೇ ಸಾಕು. ಫ್ಲೋರಿನ್ ಇರುವ ವ್ಯಾಕ್ಸನ್ನು ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ 2023-24ರ ಸೀಸನ್ನಿನಿಂದ ತನ್ನ ಸ್ಪರ್ಧೆಗಳಲ್ಲೇ ನಿಷೇಧಿಸಿದೆ, ನಮಗ್ಯಾಕೆ ಅಲ್ವಾ?

ಡಬ್ಬಿಯ ಮೇಲೆ ಉಷ್ಣಾಂಶ ಬರೆದಿರುತ್ತದೆ. ಆದರೆ ಮೊಬೈಲ್ ತೋರಿಸುವ ಉಷ್ಣಾಂಶ ಊರಿನದು. ಸ್ಕೀ ಹೊತ್ತುಕೊಂಡು ಮೆಟ್ರೋ ಹತ್ತಿ, ಗುಡ್ಡದ ಮೇಲಿನ ಕೊನೆಯ ನಿಲ್ದಾಣ ಫ್ರೋಗ್ನರ್‌ಸೇಟರೆನ್‌ನಲ್ಲಿ ಇಳಿದರೆ ಸಮುದ್ರಮಟ್ಟದಿಂದ 450 ಮೀಟರಿಗೂ ಮೇಲಿರುತ್ತೀರಿ. ಕೆಲವು ದಿನ ಅಲ್ಲಿ ಊರಿಗಿಂತ ಚಳಿ, ಕೆಲವು ದಿನ ಊರೇ ತಣ್ಣಗೆ, ಮೇಲೆ ಬೆಚ್ಚಗೆ. ಅದಕ್ಕೇ ನಾನು ಹಿಮವನ್ನು ಕೈಯಲ್ಲಿ ಹಿಂಡಿ ನೋಡುತ್ತೇನೆ. ಪುಡಿಯಾಗಿ ಉದುರಿದರೆ ನೀಲಿ, ಮೈನಸ್ ಹತ್ತರ ಆಚೆ ಹಸಿರು. ಉಂಡೆ ಕಟ್ಟಿದರೆ ನೇರಳೆ. ಹಳೆಯ ಹಿಮದ ಹರಳುಗಳ ಚೂಪು ಸವೆದಿರುತ್ತದೆ, ಹಾಗಾಗಿ ಅದೇ ಚಳಿಗೆ ಸ್ವಲ್ಪ ಮೆತ್ತನೆಯದು ಬೇಕು.

ಹಚ್ಚುವಾಗ ಸ್ಕೀ ಒಣಗಿರಬೇಕು. ಕಾವಲಿಗೆ ಎಣ್ಣೆ ಸವರಿದ ಹಾಗೆ ತೆಳ್ಳಗೆ ಹಚ್ಚಿ, ಕಾರ್ಕಿನಿಂದ ಉಜ್ಜಿ, ಮತ್ತೆ ಹಚ್ಚಬೇಕು. ಮೂರು ನಾಲ್ಕು ಪದರ ಆದಮೇಲೆ ಹೊರಗೆ ತಣಿಯಲು ಬಿಡುತ್ತೇನೆ. ಬೆಚ್ಚಗಿರುವಾಗಲೇ ಹಿಮಕ್ಕಿಟ್ಟರೆ ಅಡಿಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಅನುಮಾನ ಇದ್ದರೆ ಗಟ್ಟಿಯದರಿಂದಲೇ ಶುರು. ದಾರಿಯಲ್ಲಿ ಕಾಲು ಹಿಂದಕ್ಕೆ ಜಾರಿದರೆ ಇನ್ನೊಂದು ಪದರ ಹಾಕಬಹುದು, ಅದಕ್ಕೂ ಬಗ್ಗದಿದ್ದರೆ ಮೇಲೆ ಮೆತ್ತನೆಯದು. ಮೆತ್ತನೆಯದರ ಮೇಲೆ ಗಟ್ಟಿ ವ್ಯಾಕ್ಸ್ ಕೂರೋದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು.

ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮಕ್ಕೆ ಕ್ಲಿಸ್ಟರ್ ಬೇಕು. ಟ್ಯೂಬಿನಲ್ಲಿ ಬರುವ ಅಂಟು ಅದು. ಕೆಲಸವೇನೋ ಮಾಡುತ್ತದೆ, ಆದರೆ ಕೈ, ಪ್ಯಾಂಟು, ಬಾಗಿಲ ಹಿಡಿ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಸೊನ್ನೆ ಡಿಗ್ರಿಯಲ್ಲಿ ಹೊಸ ಹಿಮ ಬೀಳುತ್ತಿದ್ದರಂತೂ ನಾನು ವ್ಯಾಕ್ಸಿನ ಸಹವಾಸಕ್ಕೇ ಹೋಗೋದಿಲ್ಲ. ಅಡಿಯಲ್ಲಿ ರೋಮದ ಪಟ್ಟಿ ಇರುವ ಸ್ಕೀ ಹಾಕಿಕೊಂಡು ಹೊರಡುತ್ತೇನೆ.

ಈಸ್ಟರ್ ರಜೆಗೆ ಹಾರ್ಡಂಗರ್‌ವಿಡ್ಡಾ ಎಂಬ ಎತ್ತರದ ಪ್ರಸ್ಥಭೂಮಿಯ ಕಡೆ ಹೋದರೆ ಬೆನ್ನಿಗೆ ಚೀಲದ ಭಾರ, ಕಾಲಿಗೆ ಅಗಲದ ಸ್ಕೀ. ಅಲ್ಲಿ ವೇಗ ಯಾರಿಗೆ ಬೇಕು, ವ್ಯಾಕ್ಸನ್ನು ಹಿಂದಕ್ಕೂ ಮುಂದಕ್ಕೂ ಜಾಸ್ತಿ ಉದ್ದ ಹಚ್ಚುತ್ತೇನೆ. ಕಡಿದಾದ ಏರಿಗೆ ಸ್ಕೀಯ ಅಡಿಗೆ ಸ್ಕಿನ್, ಅಂದರೆ ಬೇಕಾದಾಗ ಹಾಕಿ ತೆಗೆಯುವ ರೋಮದ ಪಟ್ಟಿ, ಅಂಟಿಸುತ್ತೇನೆ. ಬಿಸಿಲಿನ ಒದ್ದೆ ಹಿಮದಿಂದ ನೆರಳಿನ ಒಣ ಹಿಮಕ್ಕೆ ದಾಟಿದಾಗ ಅದಕ್ಕೆ ಹಿಮದ ಗಡ್ಡೆ ಅಂಟಿಕೊಳ್ಳುತ್ತದೆ. ಹೊರಡುವ ಮೊದಲೇ ರೋಮ ಮಲಗಿದ ದಿಕ್ಕಿನಲ್ಲಿ ಸ್ಕಿನ್ ವ್ಯಾಕ್ಸ್ ಉಜ್ಜಿಕೊಂಡರೆ ಈ ಕಾಟ ಎಷ್ಟೋ ಕಡಿಮೆ.