ಶುಗರ್ ಇದ್ದವರ ರಿಪೋರ್ಟಿನಲ್ಲಿ ನಾನು ಮೊದಲು ಮಾಡುವ ಕಳೆಯುವ ಲೆಕ್ಕ

ರಕ್ತದ ಟ್ಯೂಬ್ ಗರಗರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರ ನಿಂತ ಕೂಡಲೇ ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದು ನೋಡುವುದು ನನ್ನ ಹಳೇ ಅಭ್ಯಾಸ. ಕೆಳಗೆ ಗಟ್ಟಿಯಾದ ರಕ್ತ, ಮೇಲೆ ಹಳದಿ ಸೀರಮ್. ಸೀರಮ್ ತಿಳಿಯಾಗಿ ಇರಬೇಕು, ಆಚೆ ಕಡೆಯ ಬೆರಳು ಕಾಣಬೇಕು. ಆವತ್ತು ಬೆಟಗೇರಿಯ ಒಬ್ಬ ನೇಕಾರ ಕಾಕಾ ಅವರ ಟ್ಯೂಬಿನಲ್ಲಿ ಬೆರಳು ಕಾಣಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು.

ಗದಗಿನಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ಈ ಕೆಲಸಕ್ಕೆ ಬಂದು ಹದಿನೇಳು ವರ್ಷ ಆಯ್ತು. ನಾನು ಡಾಕ್ಟರ್ ಅಲ್ಲ, ಯಾವ ಮಾತ್ರೆ ತಗೋಬೇಕು ಅಂತ ಹೇಳುವವಳಲ್ಲ. ಆದರೆ ಶುಗರ್ ಇದ್ದವರ ರಕ್ತ ದಿನಾ ಕೈಯಲ್ಲಿ ಹಿಡಿಯುವವಳಾಗಿ ಒಂದು ಮಾತು ಬರೆಯಲೇಬೇಕು ಅನಿಸಿದೆ.

ಕಾಕಾ ಅವರಿಗೆ ಹನ್ನೊಂದು ವರ್ಷದಿಂದ ಶುಗರ್. ಆವತ್ತಿನ ಅವರ ಅಂಕಿ ನನಗೆ ಇನ್ನೂ ಬಾಯಿಪಾಠ ಇದೆ. ಒಟ್ಟು ಕೊಲೆಸ್ಟ್ರಾಲ್ 190, ಒಳ್ಳೆಯದು ಅನ್ನುವ ಎಚ್‌ಡಿಎಲ್ 32, ಸೀರಮ್ ಮಬ್ಬು ಮಾಡಿದ ಕೊಬ್ಬು ಟ್ರೈಗ್ಲಿಸರೈಡ್ 380. ಕೆಟ್ಟದ್ದು ಅನ್ನುವ ಎಲ್‌ಡಿಎಲ್ 82. ಎಲ್ಲರೂ ಮೊದಲು ಹುಡುಕುವುದೇ ಈ ಎಲ್‌ಡಿಎಲ್, ಅದು ನೂರರ ಕೆಳಗೆ ಇದ್ದರೆ ಮನೆಯವರೆಲ್ಲಾ ಖುಷಿ. ಕಾಕಾನೂ ಅದನ್ನೇ ನೋಡಿ "ಅಕ್ಕಾರ, ಕೆಟ್ಟ ಕೊಲೆಸ್ಟ್ರಾಲ್ ನಾರ್ಮಲ್ ಐತಲ್ರೀ, ಅದಕ್ಕ ಕೊಲೆಸ್ಟ್ರಾಲ್ ಗುಳಿಗಿ ಬಿಟ್ಟ ಬಿಟ್ಟೇನಿ" ಅಂದರು. ನನ್ನ ಎದೆ ಝಲ್ ಅಂತು. ಹಿಂದೆ ಬೇರೆ ಕಡೆ ಮಾಡಿಸಿದ ರಿಪೋರ್ಟಿನಲ್ಲೂ ಆ ಸಾಲಿನ ಮುಂದೆ ನಾರ್ಮಲ್ ಅಂತ ಇತ್ತಂತೆ. ಅಂಥ ರಿಪೋರ್ಟ್ ನಾನೂ ಎಷ್ಟು ಜನಕ್ಕೆ ಕೊಟ್ಟಿದ್ದೇನೋ.

ಈ 82 ಎಲ್ಲಿಂದ ಬಂತು ಅಂತ ಹೇಳುತ್ತೇನೆ. ನಮ್ಮಂಥ ಬಹಳಷ್ಟು ಸಣ್ಣ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತೇವೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಆಮೇಲೆ ಟ್ರೈಗ್ಲಿಸರೈಡಿನ ಐದರಲ್ಲಿ ಒಂದು ಭಾಗ ಕಳೆಯುವುದು. ಇದು 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಜೊತೆಗಾರರು ಕೊಟ್ಟ ಸೂತ್ರ. ಟ್ರೈಗ್ಲಿಸರೈಡ್ 400 ದಾಟಿದರೆ ಇದನ್ನು ಬಳಸಲೇಬಾರದು, ಅದರ ಹತ್ತಿರ ಹೋದಂತೆಲ್ಲಾ ಲೆಕ್ಕ ಸಡಿಲ ಆಗುತ್ತದೆ, ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆ ಕಾಣಿಸುತ್ತದೆ. ಶುಗರ್ ಇದ್ದವರಲ್ಲಿ ಜಾಸ್ತಿ ಇರುವುದೇ ಟ್ರೈಗ್ಲಿಸರೈಡ್ ಅಲ್ವಾ? ಅಂದರೆ ಯಾರಿಗೆ ಹೃದಯದ ಭಯ ಹೆಚ್ಚೋ ಅವರಲ್ಲೇ ಈ ಸೂತ್ರ ಕೈಕೊಡುವುದು.

ಇನ್ನೊಂದು ವಿಷಯ ಇದೆ, ಇದು ಅರ್ಥವಾಗಲು ನನಗೂ ಟೈಮ್ ಹಿಡೀತು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಲಿವರ್ ಟ್ರೈಗ್ಲಿಸರೈಡ್ ತುಂಬಿದ ಕಣಗಳನ್ನು ಜಾಸ್ತಿ ಹೊರಗೆ ಬಿಡುತ್ತದೆ. ಅದರಿಂದ ಎಚ್‌ಡಿಎಲ್ ಇಳಿಯುತ್ತದೆ, ಎಲ್‌ಡಿಎಲ್ ಕಣಗಳು ಚಿಕ್ಕದಾಗಿ, ಗಟ್ಟಿಯಾಗಿ, ಸಂಖ್ಯೆಯಲ್ಲಿ ಹೆಚ್ಚಾಗುತ್ತವೆ. ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಬರುವ ದಿನ ನೆನಪು ಮಾಡಿಕೊಳ್ಳಿ. ಅಷ್ಟೇ ಚೀಲಗಳನ್ನು ಹತ್ತು ಲಾರಿಯಲ್ಲಿ ತಂದರೆ ರಸ್ತೆ ಬೇರೆ, ನಲವತ್ತು ಟಂಟಂನಲ್ಲಿ ತಂದರೆ ರಸ್ತೆ ಬೇರೆ. ಎಲ್‌ಡಿಎಲ್ ಅಂಕಿ ಚೀಲಗಳ ಲೆಕ್ಕ. ರಕ್ತನಾಳದ ಗೋಡೆಯೊಳಗೆ ನುಗ್ಗಿ ಸಿಕ್ಕಿಕೊಳ್ಳುವುದು ಮಾತ್ರ ಗಾಡಿಗಳು, ಅಂದರೆ ಕಣಗಳು.

ಗಾಡಿ ಎಣಿಸುವ ಟೆಸ್ಟ್ ಇದೆ, ಅಪೋ-ಬಿ. ಈ ಜಾತಿಯ ಒಂದೊಂದು ಕಣಕ್ಕೂ ಅಪೋ-ಬಿ ಅನ್ನುವ ಪ್ರೋಟೀನ್ ಒಂದೊಂದೇ ಇರುತ್ತದೆ, ಹಾಗಾಗಿ ಅದನ್ನು ಅಳೆದರೆ ಕಣ ಎಣಿಸಿದ ಹಾಗೆ. ನಮ್ಮಲ್ಲಿ ಅದು ಆಗುವುದಿಲ್ಲ, ಹುಬ್ಬಳ್ಳಿಗೆ ಸ್ಯಾಂಪಲ್ ಕಳಿಸಬೇಕು, ದುಡ್ಡೂ ಆಗುತ್ತದೆ. ಆದರೆ ಒಂದು ರೂಪಾಯಿ ಖರ್ಚಿಲ್ಲದ ದಾರಿ ಇದೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಅಷ್ಟೇ. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತಾರೆ, ಕೆಟ್ಟ ಕಣಗಳೆಲ್ಲದರ ಕೊಲೆಸ್ಟ್ರಾಲ್ ಇದರಲ್ಲಿ ಬರುತ್ತದೆ. ಕಾಕಾ ಅವರದು 190ರಲ್ಲಿ 32 ಹೋದರೆ 158. ಎಲ್‌ಡಿಎಲ್‌ಗೆ ಡಾಕ್ಟರ್ ಇಟ್ಟ ಗುರಿಗೆ 30 ಸೇರಿಸಿದರೆ ನಾನ್-ಎಚ್‌ಡಿಎಲ್ ಗುರಿ ಸಿಗುತ್ತದೆ. ಎಲ್‌ಡಿಎಲ್ 70ರ ಕೆಳಗೆ ಇರಬೇಕಾದವರಿಗೆ ಇದು 100ರ ಕೆಳಗೆ ಇರಬೇಕು. ಅದೇ ಕಾಗದ, ಅದೇ ರಕ್ತ, 82 ನೋಡಿದರೆ ನೆಮ್ಮದಿ, 158 ನೋಡಿದರೆ ಡಾಕ್ಟರ್ ಹತ್ತಿರ ಓಡಬೇಕು.

ಆ ದಿನದಿಂದ ನನ್ನ ಎಲ್ಲಾ ಲಿಪಿಡ್ (ಕೊಲೆಸ್ಟ್ರಾಲ್) ರಿಪೋರ್ಟಿನಲ್ಲಿ ನಾನ್-ಎಚ್‌ಡಿಎಲ್ ಸಾಲು ಇರುತ್ತದೆ, ದಪ್ಪ ಅಕ್ಷರದಲ್ಲಿ. ಟ್ರೈಗ್ಲಿಸರೈಡ್ 400 ದಾಟಿದರೆ ಎಲ್‌ಡಿಎಲ್ ಜಾಗ ಖಾಲಿ ಬಿಟ್ಟು ಯಾಕೆ ಅಂತ ಬರೆಯುತ್ತೇನೆ. ಶುರುವಿನಲ್ಲಿ ಕೆಲವರು ಜಗಳಕ್ಕೇ ಬಂದರು, ರೊಕ್ಕ ತಗೊಂಡು ಜಾಗ ಖಾಲಿ ಬಿಟ್ಟೀರಿ ಅಂತ. ಕೂರಿಸಿಕೊಂಡು ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ನಾನ್-ಎಚ್‌ಡಿಎಲ್‌ನಲ್ಲಿ ಇನ್ನೊಂದು ಅನುಕೂಲ, ಅದಕ್ಕೆ ಉಪವಾಸ ಬೇಕಿಲ್ಲ. ಮುಳಗುಂದ, ನರೇಗಲ್ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರು "ನಸುಕಿನ್ಯಾಗ ಒಂದ ಕಪ್ ಚಾ ಅಷ್ಟ ಕುಡದೇನ್ರೀ, ಮತ್ತೇನೂ ತಿಂದಿಲ್ಲ" ಅನ್ನುತ್ತಾರೆ. ಹಾಲು ಸಕ್ಕರೆ ಹಾಕಿದ ಚಾ! ಫಾಸ್ಟಿಂಗ್ ಶುಗರ್ ಅಲ್ಲಿಗೆ ಮುಗೀತು, ಟ್ರೈಗ್ಲಿಸರೈಡೂ ನಂಬುವ ಹಾಗಿಲ್ಲ. ಆದರೆ ಇದನ್ನು ನೋಡಬಹುದು, ಅವರನ್ನು ಬರಿಗೈಯಲ್ಲಿ ವಾಪಸ್ ಕಳಿಸಬೇಕಿಲ್ಲ. ಬಂದವರನ್ನು ಹತ್ತು ನಿಮಿಷ ಸುಮ್ನೆ ಕೂರಿಸುತ್ತೇನೆ. ತೋಳಿಗೆ ಕಟ್ಟಿದ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಡುವುದಿಲ್ಲ, ಬಿಗಿದು ಬಹಳ ಹೊತ್ತು ಬಿಟ್ಟರೆ ಆ ಜಾಗದ ರಕ್ತ ಮಂದವಾಗಿ ಕೊಲೆಸ್ಟ್ರಾಲ್ ಸುಮ್ಮನೆ ಏರಿ ಕಾಣುತ್ತದೆ.

ಎಚ್‌ಬಿಎ1ಸಿ ಬಗ್ಗೆ ಎಲ್ಲರಿಗೂ ಗೊತ್ತು, ಎರಡು ಮೂರು ತಿಂಗಳ ಶುಗರ್ ಸರಾಸರಿ. ಒಂದೇ ಎಚ್ಚರಿಕೆ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಹಿಮೋಗ್ಲೋಬಿನ್ ಜೊತೆಗಿಟ್ಟೇ ಓದಬೇಕು. ಹೈ ಸೆನ್ಸಿಟಿವಿಟಿ ಸಿಆರ್‌ಪಿ ಈಗ ಎಲ್ಲಾ ಹಾರ್ಟ್ ಪ್ಯಾಕೇಜಿನಲ್ಲೂ ಇರುತ್ತದೆ. ರಕ್ತನಾಳದ ಉರಿಯೂತದ ಸುಳಿವು ಕೊಡುತ್ತದೆ, 1ರ ಕೆಳಗೆ ಒಳ್ಳೆಯದು, 3ರ ಮೇಲೆ ಅಪಾಯ ಜಾಸ್ತಿ. ಆದರೆ ನೆಗಡಿ, ಜ್ವರ, ವಸಡಿನ ಕೀವು ಯಾವುದಕ್ಕೂ ಅದು ಏರುತ್ತದೆ. 10 ದಾಟಿದರೆ ಹೃದಯದ ಲೆಕ್ಕಕ್ಕೆ ಹಿಡಿಯದೆ, ಜಡ್ಡು ವಾಸಿಯಾದ ಮೇಲೆ ಮತ್ತೆ ನೋಡಬೇಕು. ಮೂಗು ಸೋರುತ್ತಾ ಬಂದವರಿಗೆ ನಾನು ಈ ಟೆಸ್ಟ್ ಮಾಡುವುದೇ ಇಲ್ಲ, ಎರಡು ವಾರ ಬಿಟ್ಟು ಬನ್ನಿ ಅಂತೀನಿ. ಅದಕ್ಕಿಂತ ವರ್ಷಕ್ಕೊಮ್ಮೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡುವ ಆಲ್ಬುಮಿನ್-ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ. ಅದು ರಕ್ತದ ಟೆಸ್ಟ್ ಅಲ್ಲ, ಕಿಡ್ನಿ ಟೆಸ್ಟ್ ಅಂತ ಜನ ಬಿಡುತ್ತಾರೆ, ಆದರೆ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂ ದಾಟಿ ಹಾಗೇ ಉಳಿದರೆ ಹೃದಯಕ್ಕೂ ಅದು ಎಚ್ಚರಿಕೆಯೇ.

ಕಾಕಾ ಅವರನ್ನು ಅದೇ ದಿನ ಅವರ ಡಾಕ್ಟರ್ ಹತ್ತಿರ ಕಳಿಸಿದೆ. ಮಾತ್ರೆ ಮತ್ತೆ ಶುರುವಾಯಿತು. ಆ ಡಾಕ್ಟರ್ ನನಗೆ ಫೋನಿನಲ್ಲಿ 2004ರ ಕಾರ್ಡ್ಸ್ ಅಧ್ಯಯನದ ಬಗ್ಗೆ ಹೇಳಿದರು. ಎಲ್‌ಡಿಎಲ್ ಅಷ್ಟೇನೂ ಹೆಚ್ಚಿಲ್ಲದ ಶುಗರ್ ರೋಗಿಗಳಿಗೆ ದಿನಕ್ಕೆ 10 ಮಿಲಿಗ್ರಾಂ ಅಟೋರ್ವಾಸ್ಟಾಟಿನ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಾಗ ಹಾರ್ಟ್ ಅಟ್ಯಾಕ್, ಲಕ್ವಾದಂಥ ದೊಡ್ಡ ಅಪಾಯ 37 ಶೇಕಡಾ ಕಡಿಮೆಯಾಗಿತ್ತು. ನಾರ್ಮಲ್ ಅಂತ ಬರೆದ ಕಾಗದ ನೋಡಿ ಮಾತ್ರೆ ಬಿಡುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ. ಮೂರು ತಿಂಗಳಾದ ಮೇಲೆ ಕಾಕಾ ಬಂದರು, ಒಟ್ಟು 148, ಎಚ್‌ಡಿಎಲ್ 35. ಪೆನ್ ಕೊಟ್ಟು ನೀವೇ ಕಳೆಯಿರಿ ಅಂದೆ. 113 ಬರೆದು, "ನೂರರ ಕೆಳಗ ಬರ್ಬೇಕಲ್ರೀ ಇನ್ನೂ" ಅಂದರು.

ನನಗೂ ಆರು ವರ್ಷದಿಂದ ಶುಗರ್ ಇದೆ. ಅಪ್ಪ 52ಕ್ಕೇ ಹಾರ್ಟ್ ಅಟ್ಯಾಕಿನಿಂದ ಹೋದರು. ಅದಕ್ಕೇ ಹೋದ ವರ್ಷ ನನ್ನ ರಕ್ತವನ್ನೂ ಲೈಪೋಪ್ರೋಟೀನ್-ಎ ಟೆಸ್ಟಿಗೆ ಕಳಿಸಿದೆ. ಇದು ಎಲ್‌ಡಿಎಲ್‌ನಂಥದ್ದೇ ಇನ್ನೊಂದು ಕಣ, ಹುಟ್ಟಿನಿಂದಲೇ ಬರುವಂಥದ್ದು, ಊಟ ನಡಿಗೆಯಿಂದ ಇಳಿಯುವುದಿಲ್ಲ, ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. ಡೆಸಿಲೀಟರಿಗೆ 50 ಮಿಲಿಗ್ರಾಂ ಮೇಲೆ ಇದ್ದರೆ ಅಪಾಯ ಜಾಸ್ತಿ, ನನ್ನದು 78 ಬಂತು. ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಡಾಕ್ಟರ್ ಹೇಳಿದ್ದು, ಇದನ್ನು ಇಳಿಸಲು ಆಗದಿದ್ದರೂ ಉಳಿದದ್ದೆಲ್ಲಾ ಇನ್ನೂ ಬಿಗಿಯಾಗಿ ಹಿಡಿಯಬಹುದು, ಬಿಪಿ, ಶುಗರ್, ನಾನ್-ಎಚ್‌ಡಿಎಲ್. ಈಗ ನನ್ನ ನಾನ್-ಎಚ್‌ಡಿಎಲ್ 92.

ಒಡಹುಟ್ಟಿದವರಿಗೂ ಲೈಪೋಪ್ರೋಟೀನ್-ಎ ಹೀಗೆ ಹೆಚ್ಚಿರಬಹುದು. ಅಕ್ಕ ಮಾಡಿಸಿದಳು, ಅವಳದು ಕಡಿಮೆ ಇದೆ. ತಮ್ಮ ಹಾವೇರಿಯಲ್ಲಿದ್ದಾನೆ, ಫೋನ್ ಮಾಡಿದಾಗಲೆಲ್ಲ ಮುಂದಿನ ವಾರ ಅನ್ನುತ್ತಾನೆ. ದೀಪಾವಳಿಗೆ ಮನೆಗೆ ಬರುತ್ತಾನೆ, ಟ್ಯೂಬ್ ಈಗಲೇ ತೆಗೆದಿಟ್ಟಿದ್ದೇನೆ.