ಮೀಟರ್ ಬೋರ್ಡ್ ನೋಡಿ ಕಂದಾಯ ಹಿಡಿದದ್ದು

"ಕೆಇಬಿ ಕರೆಂಟ್ ಮೀಟರ್ ಪಟ್ಟಿ ಇಟ್ಕೊಂಡು ಕಂದಾಯ ಬರತ್ತೇನ್ರೀ?" ಅಂತ ಮೇಲಿನವರೊಬ್ಬರು ಮೀಟಿಂಗ್‌ನಲ್ಲೇ ನಕ್ಕಿದ್ದರು. ಮಾರ್ಚ್ ಕೊನೆಗೆ ಅವರೇ ಫೋನ್ ಮಾಡಿ, ಪಕ್ಕದ ವಾರ್ಡಿನವರಿಗೂ ಹೇಳಿಕೊಡಿ ಅಂದರು. ನಾನು ನಮ್ಮ ವಾರ್ಡಿನ ಆಸ್ತಿ ಕಂದಾಯ ವಸೂಲಿ ನೋಡುವವನು, ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಲ್ಲಿ ಆಸ್ತಿ ಕಂದಾಯಕ್ಕೆ 2000ರಿಂದ ಸ್ವಯಂ ಘೋಷಣೆ (ಮಾಲೀಕರೇ ಫಾರಂ ತುಂಬುವುದು), 2008ರಿಂದ ಚದರಡಿ ಲೆಕ್ಕ, ನಿಮಗೆಲ್ಲ ಗೊತ್ತಿರುವುದೇ. ಬಜೆಟ್ಟಿಗೆ ದುಡ್ಡು ಸಾಲದಾಗ ದರ ಏರಿಸಿ ಅನ್ನುತ್ತಾರೆ. ಇರುವ ದರದಲ್ಲಿ ಬರಬೇಕಾದ್ದೇ ಬಂದಿಲ್ಲ ಅಲ್ವಾ? ಕೆಳಗೆ ಬೇಕರಿ, ಮೇಲೆ ಮೂರು ಬಾಡಿಗೆ ಮನೆ. ಫಾರಂನಲ್ಲಿ ಮಾತ್ರ ಪೂರ್ತಿ 'ಸ್ವಂತ ವಾಸ', ಅಂದರೆ ಕಡಿಮೆ ಕಂದಾಯ.

ಮೊದಲು ಬಾಕಿದಾರರ ಅಂಗಡಿ ಮುಂದೆ ತಮಟೆ ಹೊಡೆಸಿದೆ. ದಿನಕ್ಕೆ ಒಂದೂವರೆ ಸಾವಿರ ಖರ್ಚು. ಮರ್ಯಾದೆಗೆ ಅಂಜಿ ಒಬ್ಬರು ಕೊಟ್ಟ ಚೆಕ್ಕೂ ಬೌನ್ಸ್. ಅಂಚೆಯಲ್ಲಿ ಕಳಿಸಿದ ನೋಟಿಸುಗಳಲ್ಲಿ ಕಾಲುಭಾಗ ವಾಪಸ್ ಬಂದವು.

ಆಮೇಲೆ ಕಮರ್ಷಿಯಲ್ ಮೀಟರ್‌ಗಳ ಪಟ್ಟಿ ತರಿಸಿದೆ. ಹೆಸರು ಹಿಡಿದು ಹೊಂದಿಸಲು ಹೋಗಿ ಒಂದು ತಿಂಗಳು ಹಾಳಾಯಿತು. ಮಂಜುನಾಥರೇ ನೂರಾರು ಜನ! ಮೀಟರ್ ತೀರಿಹೋದ ತಾತನ ಹೆಸರಲ್ಲಿ, ಖಾತೆ ಮೊಮ್ಮಗಳ ಹೆಸರಲ್ಲಿ. ನಮ್ಮ ಆಸ್ತಿ ಗುರುತಿನ ಪಿಐಡಿ ನಂಬರಿಗೂ ಕರೆಂಟ್ ಸಂಪರ್ಕದ ಆರ್‌ಆರ್ ನಂಬರಿಗೂ ನಂಟೇ ಇಲ್ಲ. ಡೇಟಾ ಎಂಟ್ರಿ ಹುಡುಗನಿಗೆ ನನ್ನ ಜೇಬಿಂದಲೇ ಎಂಟೊಂಬತ್ತು ಸಾವಿರ ಕೊಟ್ಟೆ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಕೊನೆಗೆ ಕ್ರಾಸ್ ಕ್ರಾಸ್ ನಡೆದೆ. ಮೀಟರ್ ಬೋರ್ಡ್ ಮೇಲೆ ಆರ್‌ಆರ್ ನಂಬರ್ ಇರುತ್ತದೆ, ಗೇಟಿನಲ್ಲಿ ಮನೆ ನಂಬರ್. ಎರಡೂ ಒಂದೇ ಫೋಟೋದಲ್ಲಿ. ಯಾವ ಬೀದಿಯಿಂದ ಶುರು ಮಾಡಬೇಕು ಅನ್ನುವುದಕ್ಕೊಂದು ಲೆಕ್ಕವಿದೆ, ಅದನ್ನು ಇಲ್ಲಿ ಹೇಳಲ್ಲ. ಎರಡೂವರೆ ಸಾವಿರ ಮೀಟರ್ ನೋಡಿದ್ದಕ್ಕೆ ತಪ್ಪು ಘೋಷಣೆಯ ಕಟ್ಟಡಗಳು ನಾನೂರಕ್ಕೂ ಹೆಚ್ಚು ಸಿಕ್ಕವು. ಮೊದಲೇ ನೋಟಿಸ್ ಕೊಡಲಿಲ್ಲ. ಮಾಲೀಕರನ್ನು ಕರೆದು, ಮೀಟರ್ ಫೋಟೋ ಮತ್ತು ಅವರದೇ ಫಾರಂ ಟೇಬಲ್ ಮೇಲಿಟ್ಟು ಸುಮ್ನೆ ಕೂತೆ. "ನಮ್ಮ ಆಡಿಟರ್ ತಪ್ಪು ಮಾಡಿದ್ದಾನೆ ಸಾರ್" ಅಂತಲೇ ಹೆಚ್ಚಿನವರು ಶುರು ಮಾಡುತ್ತಿದ್ದರು. ಹಳೇ ಬಾಕಿ ಸೇರಿ ಒಂದೂಕಾಲು ಕೋಟಿ ಹತ್ತಿರ ಜಾಸ್ತಿ ಬಂತು. ಒಂದು ರೂಪಾಯಿ ದರ ಏರಿಸದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದ್ದೆ. ಏಪ್ರಿಲ್‌ನ 5% ರಿಯಾಯಿತಿ ಮುಗಿಯುವ ವಾರ ಶಾಮಿಯಾನ ಹಾಕಿಸಿ ಮಜ್ಜಿಗೆ ಕೊಟ್ಟೆ. ಮಜ್ಜಿಗೆ ಕುಡಿದವರಲ್ಲಿ ಅರ್ಧ ಜನ ಪಕ್ಕದ ವಾರ್ಡಿನವರು, ವಸೂಲಿ ಅವರ ಲೆಕ್ಕಕ್ಕೆ ಹೋಯಿತು! ಕಸದ ಟಿಪ್ಪರ್ ಡ್ರೈವರ್‌ಗಳನ್ನು ಕೇಳಿದ್ದು ಮಾತ್ರ ಫಲ ಕೊಟ್ಟಿತು. ಯಾವ ಮನೆಗೆ ಬಾಡಿಗೆಯವರು ಬಂದರು ಅಂತ ಅವರಿಗೆ ಗೊತ್ತಿರುವಷ್ಟು ನಮ್ಮ ರಿಜಿಸ್ಟರಿಗೂ ಗೊತ್ತಿಲ್ಲ.

ಖಾಲಿ ಸೈಟುಗಳಿಗೆ ಮೀಟರೇ ಇಲ್ಲವಲ್ಲ ಅಂತ ಕೇಳುತ್ತೀರಿ. ಅವನ್ನೂ ಹಿಡಿದೆ. ಹೇಗೆ ಅಂತ ನಾನು ರಿಟೈರ್ ಆದ ಮೇಲೆ ಕೇಳಿ.